ವೀರಗಲ್ಲಿನ ಕೊನೇ ಸಾಲು

ನಮ್ಮನೆಯವರು ರುದ್ರಮೂರ್ತಿ, ಅಜ್ಜಂಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ರಾಗಿ ಬೀಸೋದು ಹೊಟ್ಟೆಪಾಡು. ಹುಚ್ಚು ಬೇರೆ: ಹೊಲದಲ್ಲಿ, ಬೇಲೀಲಿ ನಿಂತಿರೋ ವೀರಗಲ್ಲುಗಳ ಮೇಲಿನ ಹಳೇ ಅಕ್ಷರ ಓದೋದು. ಭಾನುವಾರ ಬಂತೂಂದ್ರೆ ಮನುಷ್ಯ ಮನೇಲಿರಲ್ಲ. ಬೈದೂ ಬೈದೂ ನನ್ನ ಬಾಯಿ ಬಿದ್ದುಹೋಯ್ತು.

ಹೋದ ವರ್ಷ ಯಗಟಿ ಹತ್ರ ಗಿರಿಯಪ್ಪ ಅನ್ನೋರ ತೆಂಗಿನ ತೋಟದಲ್ಲಿ ಒಂದು ಕಲ್ಲು ಸಿಕ್ತು. ಕಳ್ಳರಿಂದ ದನ ಬಿಡಿಸೋಕೆ ಹೋಗಿ ಸತ್ತವನದು. ಕೊನೇ ಸಾಲಲ್ಲಿ 'ಆತನ ಹೆಂಡತಿ' ಅಂತಿದೆ, 'ಕಲ್ಲ ನಿಲಿಸಿದಳು' ಅಂತಿದೆ, ನಡುವೆ ಅವಳ ಹೆಸರು ಮಾತ್ರ ಸವೆದಿದೆ. ಫೋನಲ್ಲಿ ತೆಗೆದ್ರೆ ಆ ಫೋನು ತನ್ನ ಜಾಣತನ ತೋರ್ಸಿ ಎಲ್ಲಾ ನುಣ್ಣಗೆ ಮಾಡಿಬಿಡ್ತು. "ಇದಕ್ಕೆ ಸರಿಯಾದ ಕ್ಯಾಮೆರಾನೇ ಬೇಕು ಕಣೇ" ಅಂದ್ರು. ತಂದೇಬಿಟ್ರು.

ಅಂಗೈಯಷ್ಟಿದೆ, ಮೈತುಂಬಾ ತಿರುಪು. ಒಂದು ಬೆಳಕಿಗಂತೆ, ಒಂದು ಶಟರಿಗಂತೆ. ಹಿಂದಿನ ಪರದೆ ಬಗ್ಗುತ್ತೆ, ಮಂಡಿ ಊರದೇ ಬುಡದ ಅಕ್ಷರ ನೋಡಬಹುದು. ಮೂಗು ತಾಗೋಷ್ಟು ಹತ್ರ ಹಿಡಿದ್ರೂ ಚೂಪಾಗಿ ಬರುತ್ತೆ. ರಾ ಫೈಲ್ ಅಂತ ಒಂದಿದೆ, ಕಂಡದ್ದನ್ನ ತಿದ್ದದೇ ಹಂಗೇ ಇಟ್ಕೊಳ್ಳುತ್ತಂತೆ. ಸಂಜೆ ಓರೆ ಬಿಸಿಲಲ್ಲಿ ತೆಗೆದ್ರೆ ಸವೆದ ಅಕ್ಷರಾನೂ ನೆರಳಲ್ಲಿ ಎದ್ದು ಕಾಣುತ್ತಂತೆ. ಕಲಿಯೋಕೆ ನಮ್ಮನೆ ಒರಳುಕಲ್ಲಿನ ಫೋಟೋ ಎಷ್ಟು ತೆಗೆದ್ರೋ ಆ ಶಿವನಿಗೇ ಗೊತ್ತು! ಬೈತಾ ಬೈತಾನೇ ನಂಗೂ ಆ ಹೆಂಗಸಿನ ಹೆಸರು ತಿಳೀಬೇಕು ಅನ್ನೋ ಹಟ ಹತ್ತಿಬಿಡ್ತು.

"ಈ ಸಲ ನಾನೂ ಬತ್ತೀನಿ" ಅಂದೆ. ಇವರು ಗಿರಿಯಪ್ಪನೋರಿಗೆ ಫೋನ್ ಮಾಡಿ, "ಭಾನುವಾರ ಒಳ್ಳೇ ಕ್ಯಾಮೆರಾ ತಗೊಂಡು ಬತ್ತೀವಿ ಕಣ್ರೀ, ಕಲ್ಲಿನ ಸುತ್ತ ಒಸಿ ಚೊಕ್ಕಟ ಮಾಡ್ಸಿರಿ" ಅಂದ್ರು. ಅಷ್ಟೇ ಅಂದಿದ್ದು.

ಕಡೂರಲ್ಲಿ ಬಸ್ ಬದಲಾಯಿಸಿ ಹೋದ್ವಿ. ಗಿರಿಯಪ್ಪನೋರು ಇಸ್ತ್ರಿ ಅಂಗಿ ಹಾಕ್ಕೊಂಡು ಬಾಗಿಲಲ್ಲೇ ಕಾಯ್ತಿದ್ರು. ತೋಟಕ್ಕೆ ಹೋಗಿ ನೋಡ್ತೀವಿ, ಶಿವನೇ! ಕಲ್ಲಿಗೆಲ್ಲ ಬೆಳ್ಳಿ ಬಣ್ಣ, ಅಕ್ಷರಕ್ಕೆಲ್ಲ ಕೆಂಪು. ಫೋಟೋಗೆ ಯಾರಾದ್ರೂ ಹಳೇ ಬಟ್ಟೇಲಿ ನಿಲ್ತಾರಾ ಅನ್ನೋದು ಗಿರಿಯಪ್ಪನೋರ ಲೆಕ್ಕ. ಕೊನೇ ಸಾಲು ಹೇಗೂ ಓದೋಕಾಗಲ್ಲ ಅಂತ ಅದನ್ನ ಉಳಿಯಲ್ಲಿ ಹೊಡೆಸಿ ಮಟ್ಟ ಮಾಡಿ, ಮೇಲೆ 'ಸೇವಾರ್ಥ: ಗಿರಿಯಪ್ಪ ಮತ್ತು ಮಕ್ಕಳು' ಅಂತ ಬರೆಸಿದ್ರು.

"ಈಗ ನೋಡಿ ಸ್ವಾಮಿ, ರಸ್ತೆಗೇ ಕಾಣ್ತೈತೆ!" ಅಂದ್ರು, ಖುಷಿಯಾಗಿ.

ನಮ್ಮನೆಯವರು ಬಿಸಿಲು ಓರೆಯಾಗೋವರೆಗೂ ಕೂತು, ತಿರುಪು ತಿರುಗಿಸಿ ತೆಗೆದ್ರು. ಅಷ್ಟು ಸ್ಪಷ್ಟವಾದ ಫೋಟೋ ಅವರು ಜನ್ಮದಲ್ಲಿ ತೆಗೆದಿಲ್ಲ. ಬಣ್ಣಕ್ಕೆ ಅಂಟಿದ ಬ್ರಷ್ಷಿನ ಕೂದಲೂ ಕಾಣ್ತಿತ್ತು. ದೊಡ್ಡದು ಮಾಡಿ ಮಾಡಿ ನೋಡಿದ್ರು. ನಂಗೆ ತಡ್ಕೊಳ್ಳೋಕಾಗಲಿಲ್ಲ.

"ಅಲ್ಲ ಗಿರಿಯಪ್ಪನೋರೇ, ಆ ಹೆಂಗಸಿನ ಹೆಸರು ಅಲ್ಲೇ ಇತ್ತಲ್ರೀ!"

ಪಾಪ, ಅವರು ನಿಜವಾಗ್ಲೂ ಗಾಬರಿಯಾಗಿ ತೋಟದ ಸುತ್ತ ಕಣ್ಣಾಡಿಸಿದ್ರು.

"ಯಾವ ಹೆಂಗಸಮ್ಮಾ?"