ಆರು ಗೂಡು, ಒಂದು ಬುಟ್ಟಿ

ನಮ್ಮ ಅತ್ತೆಯ ಬಲಗೈ ತೋರುಬೆರಳಿಗೆ ಊರಿನಲ್ಲಿದ್ದ ಮರ್ಯಾದೆ ನಮ್ಮ ಮನೆಯ ಯಾವ ಗಂಡಸಿಗೂ ಇರಲಿಲ್ಲ. ದಿನಾ ಬೆಳಿಗ್ಗೆ ಕೋಳಿಗಳನ್ನು ಹೊರಗೆ ಬಿಡುವ ಮೊದಲು ಅವರು ಒಂದೊಂದು ಹ್ಯಾಟಿಯನ್ನೂ, ಎಂದರೆ ಹೆಣ್ಣುಕೋಳಿಯನ್ನೂ, ಕಂಕುಳಲ್ಲಿ ಅವುಚಿ ಹಿಡಿದು, ಬಾಲದ ಕೆಳಗೆ ಬೆರಳಿಟ್ಟು ನೋಡುತ್ತಿದ್ದರು. ತತ್ತಿ ಗಟ್ಟಿಯಾಗಿ ಬೆರಳಿಗೆ ತಗುಲಿದರೆ ಅದು ಇವತ್ತು ಇಡುತ್ತದೆ ಎಂದು ಅರ್ಥ. ಆ ಹ್ಯಾಟಿಯನ್ನು ಅಂಗಳದ ಪೇರಲ ಗಿಡದ ಕೆಳಗೆ ಬಿದಿರಿನ ಬುಟ್ಟಿ ಬೋರಲು ಹಾಕಿ ಮುಚ್ಚಿ, ಮೇಲೊಂದು ಕಲ್ಲು ಹೇರಬೇಕು. ಇಲ್ಲದಿದ್ದರೆ ಅದು ಕಂಡವರ ಹುಲ್ಲಿನ ಬಣವೆಗೆ ಹೋಗಿ ಇಟ್ಟು ಬರುತ್ತದೆ. ಬೆರಳಿಗೆ ಏನೂ ಸಿಗದ ಹ್ಯಾಟಿಗಳು ಮೇಯಲು ಹೊರಗೆ. ಅತ್ತೆ ಹೇಳಿದ್ದು ಎಂದೂ ತಪ್ಪುತ್ತಿರಲಿಲ್ಲ. ಅಕ್ಕಪಕ್ಕದ ಹೆಂಗಸರೂ ತಮ್ಮ ಕೋಳಿ ತಂದು ತೋರಿಸಿಕೊಂಡು ಹೋಗುತ್ತಿದ್ದರು.

ನಾನು ದಾಂಡೇಲಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಧಾರವಾಡದ ಕಡೆಯಿಂದ ಕೆಲಸಕ್ಕೆ ಬಂದು ಅಲ್ಲೇ ನಿಂತವರು. ತತ್ತಿ ಎಂದರೆ ನನಗೆ ಅಂಗಡಿಯ ಟ್ರೇಯಲ್ಲಿ ಸಾಲಾಗಿ ಕೂತಿರುವ ವಸ್ತು. ಹಳಿಯಾಳದ ಆಚೆಯ ಈ ಊರಿಗೆ ಮದುವೆಯಾಗಿ ಬಂದ ಮೂರನೆಯ ದಿನವೇ ಅತ್ತೆ ನಾಲ್ಕು ಹೆಂಗಸರ ಎದುರು ನನ್ನ ಕೈಗೆ ಒಂದು ಹ್ಯಾಟಿ ಕೊಟ್ಟರು. ನಾನು ಹೇಸಿಕೊಂಡು, ಕಣ್ಣು ಮುಚ್ಚಿ, ಎಲ್ಲೋ ಒಂದು ಕಡೆ ಬೆರಳು ತಾಗಿಸಿದೆ. ಅದು ನನ್ನ ಹೊಸ ಸೀರೆಯ ಮೇಲೆ ಹಿಕ್ಕೆ ಹಾಕಿ ಹಾರಿಹೋಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅತ್ತೆ ನಗಲಿಲ್ಲ. "ಬೆರಳಿಗೆ ತತ್ತಿ ಸಿಗೂತನಾ ನೀ ಈ ಮನಿ ಸೊಸಿ ಅಲ್ಲ. ಉಣ್ಣಾಕ ಬಂದ ಬೀಗಿತ್ತಿ" ಎಂದರು.

ಬೀಗಿತ್ತಿಗೆ ಸಿಗುವ ಉಪಚಾರವಾದರೂ ಸಿಕ್ಕಿತೇ? ಅದೂ ಇಲ್ಲ. ಬೆಳಿಗ್ಗೆ ನಾನು ಮುಟ್ಟಿ ಹೇಳಿದ್ದು ತಪ್ಪಾದರೆ ಮಧ್ಯಾಹ್ನ ನನ್ನ ತಾಟಿಗೆ ಬರೀ ರೊಟ್ಟಿ, ಚಟ್ನಿಪುಡಿ. ಇನ್ನೊಂದು ಕೆಲಸವೂ ನನ್ನ ತಲೆಗೇ ಬಂತು. ಹೊತ್ತು ಏರಿದಂತೆ ಪೇರಲ ಗಿಡದ ನೆರಳು ಸರಿಯುತ್ತದೆ. ನೆರಳಿನ ಜೊತೆ ಬುಟ್ಟಿಯನ್ನೂ, ಒಳಗಿನ ನೀರಿನ ಬಟ್ಟಲನ್ನೂ ಸರಿಸುತ್ತಾ ಹೋಗಬೇಕು. ಆ ಮನೆಯಲ್ಲಿ ಅದು ಸೊಸೆಯ ಕೆಲಸ. ಅತ್ತೆಯೂ ತಮ್ಮ ಅತ್ತೆಯ ಕಾಲದಲ್ಲಿ ಅದನ್ನೇ ಮಾಡಿದವರು. ಒಂದು ದಿನ ಬಟ್ಟೆ ಒಗೆಯುತ್ತಾ ಮರೆತೆ. ಬುಟ್ಟಿ ಬಿಸಿಲಿಗೆ ಬಿದ್ದಿತ್ತು. ಅತ್ತೆ ಬಂದು ಬುಟ್ಟಿ ಎತ್ತಿ ಹ್ಯಾಟಿಗೆ ನೀರು ಕುಡಿಸಿದರು. ಆಮೇಲೆ ಅದೇ ಜಾಗ ತೋರಿಸಿ, "ಅದು ನಿಂತಷ್ಟ ಹೊತ್ತು ನೀನೂ ನಿಲ್ಲು" ಎಂದರು. ನಿಂತೆ. ಹೊಲದಿಂದ ಬಂದ ಗಂಡ ನನ್ನನ್ನು ನೋಡಿ, ತಾಯಿಯನ್ನು ನೋಡಿ, ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದರು.

ಹಟಕ್ಕೆ ಬಿದ್ದು ಕಲಿತೆ. ವರ್ಷ ತುಂಬುವುದರೊಳಗೆ ನನ್ನ ಬೆರಳೂ ತಪ್ಪುತ್ತಿರಲಿಲ್ಲ. ಆದರೆ ಅತ್ತೆ ಒಂದು ದಿನವೂ "ಬಂತು ನಿನಗ" ಎನ್ನಲಿಲ್ಲ. ನಾನು ಕಲಿತ ಮೇಲೆ ಕೋಳಿಗಳನ್ನು ನನ್ನ ಕೈಗೆ ಕೊಡುವುದನ್ನೇ ನಿಲ್ಲಿಸಿದರು. ಬುಟ್ಟಿ ಸರಿಸುವ ಕೆಲಸ ಮಾತ್ರ ನನಗೇ ಉಳಿಯಿತು.

ಹೀಗೇ ಇಪ್ಪತ್ತು ವರ್ಷ ಹೋಯಿತು. ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಒಂದು ಬೆಳಿಗ್ಗೆ ಅವರು ಒಲೆಯ ಮೇಲಿನ ಚಹಾದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ಕೆಳಗಿಟ್ಟರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಸಂಜೆಗೆ ಬೆರಳುಗಳಲ್ಲಿ ಬೊಕ್ಕೆ ಎದ್ದಿತ್ತು. ಆ ಬೆರಳುಗಳಿಗೆ ಏನೂ ಗೊತ್ತಾಗುತ್ತಿಲ್ಲ ಎಂದು ನನಗೆ ಅವತ್ತೇ ತಿಳಿಯಿತು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಬುಟ್ಟಿಯ ಕೆಳಗೆ ದಿನವಿಡೀ ಕೂತ ಹ್ಯಾಟಿಗಳು ಖಾಲಿ ಏಳತೊಡಗಿದವು. ಅತ್ತೆ ಮಾತ್ರ ಕೋಳಿಗಳ ಮೇಲೆಯೇ ತಪ್ಪು ಹಾಕುತ್ತಿದ್ದರು: "ಬೇಕಂತ ತತ್ತಿ ತಡದು ಕುಂದರ್ತಾವು. ಸೊಸೀನ ನೋಡಿ ಕಲತಾವು."

ಆಗಲೇ ನಾನು ಗೂಡು ಮಾಡಲು ಹೊರಟದ್ದು. ಕೋಳಿಗಳ ಮೇಲಿನ ಪ್ರೀತಿಯಿಂದ ಎಂದು ಯಾರಾದರೂ ತಿಳಿದರೆ ಅದು ಅವರ ದೊಡ್ಡತನ. ಹ್ಯಾಟಿಗಳು ತಾವಾಗಿಯೇ ಹೋಗಿ ಒಂದೇ ಕಡೆ ತತ್ತಿ ಇಟ್ಟರೆ ಈ ಮನೆಗೆ ಬೆರಳು ಬೇಕಾಗುವುದಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ.

ಮೊಬೈಲಿನಲ್ಲಿ ನೋಡಿಕೊಂಡೆ. ತವರಿಗೆ ಹೋದಾಗ ದಾಂಡೇಲಿಯ ಗುಜರಿಯಿಂದ ಪ್ಯಾಕಿಂಗ್ ಕಟ್ಟಿಗೆ ತಂದೆ. ಒಂದಡಿ ಅಗಲ, ಒಂದಡಿ ಆಳದ ಆರು ಗೂಡುಗಳನ್ನು ಒಂದೇ ಸಾಲಿಗೆ ನಾನೇ ಬಡಿದು ನಿಲ್ಲಿಸಿದೆ. ಹುಲ್ಲು ಮತ್ತು ತತ್ತಿ ಉರುಳಿ ಬೀಳದಂತೆ ಮುಂದೆ ನಾಲ್ಕು ಬೆರಳೆತ್ತರದ ಅಡ್ಡಪಟ್ಟಿ. ಮೇಲೆ ಕೂತು ಹೊಲಸು ಮಾಡದಂತೆ ಇಳಿಜಾರಾಗಿ ತಗಡು. ಗಂಡ ಬಂದು ನೋಡಿ, "ಏನ, ಕೋಳಿಗೂ ಕ್ವಾರ್ಟರ್ಸ್ ಕಟ್ಟಿದಿ?" ಎಂದರು. ಅತ್ತೆ ಮೂಗು ಮುರಿದು ಒಳಗೆ ಹೋದರು.

ಮೊದಲ ತಿಂಗಳು ನನ್ನ ಮುಖಕ್ಕೆ ಮಂಗಳಾರತಿ. ಕೋಳಿಗಳು ರಾತ್ರಿ ಕೂರುವ ಗಳಕ್ಕಿಂತ ಎತ್ತರದಲ್ಲಿ ಗೂಡುಗಳನ್ನು ಇಟ್ಟಿದ್ದೆ. ಕೋಳಿ ಮಲಗುವುದು ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ. ಅವು ಗೂಡುಗಳಲ್ಲೇ ಮಲಗಿ ಹಿಕ್ಕೆ ತುಂಬಿಸಿದವು, ತತ್ತಿಯನ್ನು ಮಾತ್ರ ಬಣವೆಯಲ್ಲಿ ಇಟ್ಟವು. ಗೂಡುಗಳನ್ನು ಕೆಳಗೆ ಇಳಿಸಿದೆ. ಆಗಲೂ ಬರಲಿಲ್ಲ, ಯಾಕೆಂದರೆ ಗೂಡಿನ ಬಾಯಿ ಬಾಗಿಲ ಬೆಳಕಿಗೆ ಇತ್ತು. ತತ್ತಿ ಇಡುವ ಹ್ಯಾಟಿಗೆ ಕತ್ತಲೆ ಬೇಕು, ಬೆನ್ನಿಗೆ ಗೋಡೆ ಬೇಕು. ಇದೆಲ್ಲ ಅತ್ತೆಗೆ ಹುಟ್ಟಿದಾಗಿನಿಂದ ಗೊತ್ತು. ನಾನು ಬೆವರು ಸುರಿಸಿ ಗೂಡು ಎತ್ತಿ ಇಳಿಸುವುದನ್ನು ಪಡಸಾಲೆಯಲ್ಲಿ ಕೂತು ಎಲೆಯಡಿಕೆ ಜಗಿಯುತ್ತಾ ನೋಡಿದರು. ಒಂದು ಮಾತು ಹೇಳಲಿಲ್ಲ.

ಕೊನೆಗೆ ನಾನೇ ಗೋಣಿಚೀಲ ಹರಿದು ಪ್ರತಿ ಗೂಡಿಗೂ ಅರ್ಧ ಪರದೆ ಕಟ್ಟಿದೆ. ತಳಕ್ಕೆ ಬೇವಿನ ಸೊಪ್ಪು, ಅದರ ಮೇಲೆ ಮೆತ್ತಗೆ ತಿಕ್ಕಿದ ಭತ್ತದ ಹುಲ್ಲು. ಬೇವಿದ್ದರೆ ಹೇನು ಆಗುವುದಿಲ್ಲ. ಹಳ್ಳದ ಗುಂಡುಕಲ್ಲುಗಳಿಗೆ ಸುಣ್ಣ ಹಚ್ಚಿ ಒಂದೊಂದು ಗೂಡಿಗೆ ಒಂದೊಂದು ಇಟ್ಟೆ. ಅದನ್ನು ತತ್ತಿಯೆಂದು ನಂಬಿ, ಯಾರೋ ಇಟ್ಟಿದ್ದಾರೆ, ಇಲ್ಲಿ ಭಯವಿಲ್ಲ ಎಂದು ಹ್ಯಾಟಿಗಳು ಒಳಗೆ ಬರುತ್ತವೆ. ಹತ್ತೇ ದಿನದಲ್ಲಿ ಬಂದವು. ಐದು ಗೂಡಿಗೆ ಪಾಳಿ ಹಚ್ಚಿ ನಿಂತು ಇಡತೊಡಗಿದವು. ಅವತ್ತು ಪಕ್ಕದ ಮನೆಯ ಹೆಂಗಸು ಅಂಗಳದಲ್ಲಿ ಇರುವಾಗಲೇ, ಬೇಕೆಂದೇ ಗಟ್ಟಿಯಾಗಿ ಹೇಳಿದೆ: "ಅತ್ತಿ, ಇನ್ನ ಮ್ಯಾಲೆ ನಿಮ್ಮ ಬೆರಳಿಗೆ ಆರಾಮ ಕೊಡ್ರಿ."

ಅತ್ತೆ ತಮ್ಮ ಮಂಚದ ಕಾಲಡಿಯಲ್ಲಿ ಮರಿಯಿಂದ ಸಾಕಿದ ಕರಿ ಹ್ಯಾಟಿಯನ್ನು ಎತ್ತಿಕೊಂಡು ಒಳಗೆ ಹೋದರು. ಅದೊಂದು ಹ್ಯಾಟಿ ಮಾತ್ರ ನನ್ನ ಗೂಡಿಗೆ ಬರಲೇ ಇಲ್ಲ. ಅದಕ್ಕೆಂದು ಬಿಟ್ಟ ಆರನೆಯ ಗೂಡು ಖಾಲಿ ಇತ್ತು. ಅತ್ತೆ ದಿನಾ ಅದಕ್ಕೊಂದಕ್ಕೇ ಬೆರಳಿಟ್ಟು, ಏನೂ ತಿಳಿಯದಿದ್ದರೂ ತಿಳಿದವರಂತೆ ತಲೆ ಆಡಿಸಿ, ಬುಟ್ಟಿ ಮುಚ್ಚುತ್ತಿದ್ದರು. ನಾನು ಬುಟ್ಟಿ ಸರಿಸುತ್ತಿದ್ದೆ.

ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಬಲಿತಿತ್ತು. ಒಂದು ಬೆಳಿಗ್ಗೆ ಅತ್ತೆ ಏಳುವ ಮೊದಲೇ ನಾನು ಕರಿ ಹ್ಯಾಟಿಯನ್ನು ಹಿಡಿದು ಬೆರಳಿಟ್ಟು ನೋಡಿದೆ. ಯಾಕೆ ನೋಡಿದೆನೋ, ಹಳೆಯ ಚಟ. ತತ್ತಿ ಇರಲಿಲ್ಲ. ಕೈಗೆ ಬೂದಿ ಹಚ್ಚಿ ತೊಳೆದುಕೊಳ್ಳುತ್ತಿದ್ದಾಗ ಅತ್ತೆ ಎದ್ದು ಬಂದರು. ಸ್ವಲ್ಪ ಹೊತ್ತಿಗೆ ಅದೇ ಪಕ್ಕದ ಮನೆಯಾಕೆ ಬಂದಳು.

"ಯಕ್ಕಾ, ಕಾವಿಗೆ ಕುಂದರ್ಸಾಕತ್ತೇನಿ. ನಿಮ್ಮ ಕರಿ ಹ್ಯಾಟಿದ ಒಂದ ತತ್ತಿ ಬೇಕಾಗಿತ್ತು."

ಅತ್ತೆ ಹ್ಯಾಟಿಯನ್ನು ಕಂಕುಳಿಗೆ ಅವುಚಿ, ಬೆರಳಿಟ್ಟು, ನನ್ನ ಮುಖ ನೋಡಿದರು. ನಾನು ಸುಮ್ಮನೆ ಕಸ ಗುಡಿಸುತ್ತಿದ್ದೆ.

"ಇವತ್ತ ಇಡತೈತಿ. ಸಂಜೀಕ ಬಾ" ಎಂದು ಬುಟ್ಟಿ ಮುಚ್ಚಿದರು.

ನನಗೆ ಬೇಕಾಗಿದ್ದದ್ದು ಇದೇ. ಸಂಜೆ ಅವಳು ಬರಲಿ, ಅವಳ ಎದುರೇ ಬುಟ್ಟಿ ಎತ್ತಲಿ, ಒಳಗೆ ಏನೂ ಇರದಿರಲಿ. ಹ್ಯಾಟಿ ಸಾಯಲಿ ಎಂದು ನಾನು ಬಯಸಿರಲಿಲ್ಲ. ಅತ್ತೆಯ ಮಾತು ಊರಿನ ಎದುರು ಒಂದೇ ಒಂದು ಸಲ ಸುಳ್ಳಾಗಬೇಕಿತ್ತು. ಆದರೆ ಅವತ್ತು ಬುಟ್ಟಿ ಸರಿಸಲು ನನ್ನ ಕಾಲು ಏಳಲಿಲ್ಲ. ಇಲ್ಲದ ತತ್ತಿಗೆ ನಾನ್ಯಾಕೆ ನೆರಳು ಹಿಡಿಯಲಿ ಎನಿಸಿತು.

ಅಡುಗೆಮನೆಯ ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ಅತ್ತೆ ಪಡಸಾಲೆಯ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದರು. ನೆರಳು ಮೊದಲು ಬುಟ್ಟಿಯ ಅರ್ಧ ಬಿಟ್ಟಿತು, ಆಮೇಲೆ ಪೂರ್ತಿ ಬಿಟ್ಟಿತು. ನಾನು ರೊಟ್ಟಿ ಬಡಿದೆ, ಪಲ್ಯ ಮಾಡಿದೆ. ಅತ್ತೆಗೆ ತಾಟು ಹಚ್ಚಿಕೊಟ್ಟೆ. ಅವರು ಉಂಡರು. ಅವರಿದ್ದ ಕಟ್ಟೆಯಿಂದ ಬುಟ್ಟಿಗೆ ಹತ್ತು ಹೆಜ್ಜೆ. ಮೊಣಕಾಲು ನೋವಿದ್ದರೂ ದಿನಾ ಅದಕ್ಕಿಂತ ದೂರ ನಡೆಯುತ್ತಿದ್ದರು. ಮೊದಮೊದಲು ಬುಟ್ಟಿಯೊಳಗೆ ರೆಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ತತ್ತಿ ಇಡಲು ಕೂತಿದೆ ಎಂದು ಅತ್ತೆ ತಿಳಿದಿರಬೇಕು ಎಂದುಕೊಂಡು ಪಾತ್ರೆ ತಿಕ್ಕಲು ಕೂತೆ.

ಸಂಜೆ ಪಕ್ಕದ ಮನೆಯಾಕೆ ಬಂದು ತಾನೇ ಕಲ್ಲು ಇಳಿಸಿ ಬುಟ್ಟಿ ಎತ್ತಿದಳು. "ಯವ್ವಾ!" ಎಂದು ಕೈಬಿಟ್ಟಳು. ಕರಿ ಹ್ಯಾಟಿ ಕೊಕ್ಕು ತೆರೆದು, ರೆಕ್ಕೆ ಚೆಲ್ಲಿ ಸತ್ತುಬಿದ್ದಿತ್ತು. ನೀರಿನ ಬಟ್ಟಲು ಒಣಗಿತ್ತು.

ಅತ್ತೆ ಕೋಲೂರಿ ಬಂದು ನಿಂತರು. ಅಳುತ್ತಾರೆ ಎಂದುಕೊಂಡೆ. "ಹೊಟ್ಟಿ ಸೀಳ" ಎಂದರು. "ತತ್ತಿ ಇತ್ತೋ ಇಲ್ಲೋ ನೋಡೂಣು."

ಈಳಿಗೆ ತಂದು ಅಲ್ಲೇ ಸೀಳಿದೆ. ಒಳಗೆ ಮುಂದೆ ತತ್ತಿಯಾಗುವ ಹಳದಿ ಭಂಡಾರಗಳು ಇನ್ನೂ ಸಣ್ಣ ಸಣ್ಣವು. ಎಲ್ಲಕ್ಕಿಂತ ದೊಡ್ಡದು ಬಾರಿಹಣ್ಣಿನಷ್ಟು. ಚಿಪ್ಪು ಕಟ್ಟಿದ ತತ್ತಿ ಇರಲಿಲ್ಲ. ಇಬ್ಬರಿಗೂ ಕಾಣುವಂತೆ ಕೈಯಲ್ಲಿ ಹಿಡಿದು, "ಇಲ್ಲರೀ ಅತ್ತಿ" ಎಂದೆ. ನನ್ನ ದನಿಯಲ್ಲಿದ್ದ ಸಂತೋಷ ನನಗೇ ಕೇಳಿಸಿತು.

"ನಿನ್ನ ಬೆರಳಿಗೆ ಏನಾತ ಯಕ್ಕಾ" ಎಂದು ಆಕೆ ಮೆಲ್ಲಗೆ ಕೇಳಿದಳು. ಎರಡು ದಿನದಲ್ಲಿ ಊರಿಗೆಲ್ಲ ಸುದ್ದಿಯಾಯಿತು. ಆಮೇಲೆ ಯಾರೂ ಕೋಳಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬರಲಿಲ್ಲ. ಅತ್ತೆಯೂ ಮತ್ತೆ ಯಾವ ಹ್ಯಾಟಿಯನ್ನೂ ಮುಟ್ಟಲಿಲ್ಲ. ಬುಟ್ಟಿಯನ್ನು ನಾನು ಅಟ್ಟಕ್ಕೆ ಹಾಕಿದೆ. ಗೆದ್ದೆ ಎನಿಸಿದ್ದು ನಾಲ್ಕು ದಿನ. ಆಮೇಲೆ ರೊಟ್ಟಿ ಬಡಿಯುವಾಗ ಕಿಟಕಿಯ ಕಡೆ ಬೆನ್ನು ಹಾಕಿ ಕೂರತೊಡಗಿದೆ. ತೆರೆದ ಆ ಕೊಕ್ಕು ನೆನಪಾಗುತ್ತಿತ್ತು.

ಕಳೆದ ತಿಂಗಳು ಒಂದು ಮಧ್ಯಾಹ್ನ ಗೂಡುಗಳ ಹುಲ್ಲು ಬದಲಿಸುತ್ತಿದ್ದೆ. ಅತ್ತೆ ಬಂದು ಹತ್ತಿರದ ಒರಳಿನ ಮೇಲೆ ಕೂತರು. ಈಗ ಕಣ್ಣೂ ಮಂದ. ಸಹಜವಾಗಿ ಹೇಳಿದರು:

"ಅವತ್ತ ಮುಂಜಾನೆ ನನಕಿಂತ ಮೊದಲ ನೀ ಕರಿ ಹ್ಯಾಟಿ ಮುಟ್ಟಿ ನೋಡಿದ್ದಿ."

ನನ್ನ ಕೈಯ ಹುಲ್ಲು ಕೈಯಲ್ಲೇ ಉಳಿಯಿತು.

"ಬೂದಿ ಹಚ್ಚಿ ಕೈ ತೊಳಕೊಂಡಿ. ಎದ್ದ ಕೂಡಲೆ ಬೂದಿ ಯಾರಿಗೆ ಬೇಕ? ಕೋಳಿ ಮುಟ್ಟಿದಾಕಿಗೆ."

"ಗೊತ್ತಿದ್ದ ಮ್ಯಾಲೆ ಬುಟ್ಟಿ ಯಾಕ ಮುಚ್ಚಿದ್ರಿ ಅತ್ತಿ?"

"ಹೇಳತಿ ಏನೋ ಅಂತ ನಿನ್ನ ಮಾರಿ ನೋಡಿದೆ. ನೀ ಕಸಾ ಹೊಡದಿ."

"ಬಿಸಲಿಗೆ ಬಿದ್ದಾಗರ ನನ್ನ ಕರೀಬೇಕಿತ್ತ್ರಿ. ನೀವರ ಏಳಬೇಕಿತ್ತು."

"ಏಳಬೇಕಂತ ಕೋಲ ಹಿಡದೆ. ಆಗ ಕಿಟಕ್ಯಾಗ ನೀ ಕಂಡಿ, ನನ್ನ ನೋಡಕೋತ ನಿಂತಿದ್ದಿ" ಎಂದು ಅತ್ತೆ ಬಾಯಿಯ ಎಲೆಯಡಿಕೆಯನ್ನು ಪಕ್ಕಕ್ಕೆ ಉಗುಳಿದರು. "ಹ್ಯಾಟಿ ಹೋದ್ರ ಹೋಗಲಿ, ಈಕಿ ಏಳತಾಳೋ ಇಲ್ಲೋ ನೋಡೇ ಬಿಡೂಣು ಅಂತ ಕುಂತೆ. ನೀ ಏಳಲಿಲ್ಲ."

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕೈ ಚಾಚಿ, ಏನೂ ತಿಳಿಯದ ಆ ಬೆರಳುಗಳಿಂದ ನನ್ನ ಮುಂಗೈ ಹಿಡಿದರು.

"ಅವತ್ತ ನೀ ಈ ಮನಿ ಸೊಸಿ ಆದಿ ನೋಡ" ಎಂದರು.

ಈ ಒಂದು ಮಾತಿಗೆ ಮದುವೆಯಾದ ಮೂರನೆಯ ದಿನದಿಂದ ಕಾದಿದ್ದೆ. ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಆರನೆಯ ಗೂಡಿನ ಸುಣ್ಣದ ಕಲ್ಲನ್ನು ಇನ್ನೊಂದು ಕೈಯಿಂದ ಒರೆಸಿ, ಹೊಸ ಹುಲ್ಲಿನ ಮೇಲೆ ಇಟ್ಟು, "ಹೌದ್ರಿ" ಎಂದೆ.