ಟಾಕಿಯ ಕೆಳಗೊಂದು ಹೊಳೆ

ಕಡು ಬೇಸಿಗೆಯಲ್ಲೂ ನೀರಿನ ಕಾಕಾನ ಕಾಲು ಹಸಿಯಾಗಿರುತ್ತಿದ್ದವು. ಧೋತರ ಮೊಣಕಾಲಿನ ತನಕ ತೊಯ್ದು ಅಂಟಿಕೊಂಡಿರುತ್ತಿತ್ತು. ಬೆರಳ ಸಂದಿಗಳು ನೆನೆಸಿಟ್ಟ ಅವಲಕ್ಕಿಯ ಹಾಗೆ ಬೆಳ್ಳಗೆ. ರಬ್ಬರ್ ಚಪ್ಪಲಿಯ ಪಚ್ ಪಚ್ ಸಪ್ಪಳ ಓಣಿಗೆ ಬಂತೆಂದರೆ ಹೆಂಗಸರು ಕೊಡ ಹಿಡಿದು ಹೊರಗೆ ಬರುತ್ತಿದ್ದರು. ಆತ ನಮ್ಮೂರಿಗೆ ನೀರು ಬಿಡುವವನು. ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಸದಾ ಹೆಗಲ ಮೇಲೆ. ಆಳಂದದ ಕಡೆಯ ಈ ಒಣ ನೆಲದಲ್ಲಿ, ಹಿಂಡಿದ ಬಟ್ಟೆ ಹರವುವುದರೊಳಗೆ ಒಣಗಿಬಿಡುವ ಊರಲ್ಲಿ, ಅಷ್ಟು ಹಸಿ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ನಾನು ಜೇವರ್ಗಿಯವಳು. ಇಲ್ಲಿಯ ಸಾಲಿಗೆ ಶಿಕ್ಷಕಿಯಾಗಿ ವರ್ಗವಾಗಿ ಬಂದು ನೀರಿನ ಟಾಕಿಯ ಹಿಂದಿನ ಖೋಲಿ ಬಾಡಿಗೆಗೆ ಹಿಡಿದೆ. ಎದುರಿಗೇ ಕಾಕಾ ಮತ್ತು ಕಾಕುವಿನ ಮನೆ. ಮಕ್ಕಳಿಲ್ಲದ ಗಂಡ ಹೆಂಡತಿ. ನನ್ನದು ಮೊದಲಿನಿಂದಲೂ ಚುರುಕು ನಾಲಿಗೆ. ಸುಳ್ಳು ಕೇಳಿದರೆ ಮೈ ಉರಿಯುತ್ತದೆ, ಸುಮ್ಮನಿರಲು ಬರುವುದಿಲ್ಲ. ಬಂದ ವಾರದಲ್ಲೇ ಕಾಕಾನ ಜೊತೆ ತಕರಾರು ತೆಗೆದೆ. ಟಾಕಿಯ ಬುಡದ ವಾಲ್ ಹಗಲೂ ರಾತ್ರಿ ಸೋರುತ್ತಿತ್ತು. ಅದರ ಸುತ್ತ ಒಂದು ಚಾಪೆಯಷ್ಟು ಜಾಗ ಕೆಸರಾಗಿ, ಎಂಥವೋ ಉದ್ದುದ್ದ ಎಲೆ ಎದ್ದಿದ್ದವು.

"ಊರಿಗೆಲ್ಲಾ ನೀರು ಬಿಡೋವ್ರು ನೀವು. ನಿಮ್ಮ ಮನಿ ಮುಂದಿಂದೇ ಸೋರಾಕತ್ತಾದಲ್ರಿ ಕಾಕಾ?" ಎಂದೆ.

ಕಾಕಾ ನಕ್ಕ. "ಅದು ಸೋರೂದಲ್ರಿ ಅಕ್ಕೋರ. ಅದು ಹೊಳಿ."

ಮುದುಕ ನನ್ನನ್ನು ಆಟ ಆಡಿಸುತ್ತಿದ್ದಾನೆ ಅಂದುಕೊಂಡೆ. ಸಂಜೆಗೆ ಗೊತ್ತಾಯಿತು.

ಹೊತ್ತು ಇಳಿಯುವಾಗ ಕಾಕು ಸೆರಗು ಹೊದ್ದು, ಕೈಯಲ್ಲೊಂದು ಸಣ್ಣ ಗಂಟು ಹಿಡಿದು ಹೊಸ್ತಿಲಿಗೆ ಬಂದಳು. ಬುದ್ಧಿ ಮರೆವಿಗೆ ಬಿದ್ದು ಆಗಲೇ ಬಹಳ ದಿನವಾಗಿತ್ತಂತೆ. ಭೀಮಾ ದಂಡೆಯ ಮಣ್ಣೂರಿನ ಹೆಣ್ಣುಮಗಳು. ಚಿಕ್ಕಂದಿನಲ್ಲಿ ಹೊಳೆಯ ಆಚೆಯ ಹೊಲಗಳಿಗೆ ಕೂಲಿಗೆ ಹೋಗಿ, ಸಂಜೆ ದೋಣಿಯಲ್ಲಿ ಮನೆಗೆ ಮರಳುತ್ತಿದ್ದಳಂತೆ. ಈಗ ಆಕೆಗೆ ದಿನದಿನವೂ ಅದೇ ಸಂಜೆ. ಕಾಕಾನನ್ನು ನೋಡಿ ಅಂದಳು: "ಅಂಬಿಗಣ್ಣಾ, ಹೊತ್ತು ಮುಳುಗಾಕತ್ತಾದ. ನನ್ನ ಆ ದಂಡಿಗಿ ಬಿಡು. ಅವ್ವ ಕಾಯ್ತಿರ್ತಾಳ."

ಕಾಕಾ ಆಕೆಯ ಕೈ ಹಿಡಿದು ಟಾಕಿಯ ಸುತ್ತ ಒಂದು ಸುತ್ತು ನಡೆಸಿ, ಆ ಕೆಸರಿನ ಪಕ್ಕದ ಕಲ್ಲಿನ ಮೇಲೆ ಕೂರಿಸಿದ. "ಇವತ್ತ ಹೊಳಿ ತುಂಬ್ಯಾದ, ತಂಗಿ. ನಾಳಿ ಮುಂಜಾನಿ ದಾಟಿಸ್ತೇನಿ. ಈಗ ಇಲ್ಲೇ ಉಂಡು ಮಲಕೋ."

ತಂಗಿ ಅನ್ನುವ ಮೊದಲು ಆತನ ದನಿ ಸಣ್ಣಗೆ ತಡೆಯುತ್ತಿತ್ತು. ಅದನ್ನು ನಾನು ದಿನಾ ಕೇಳುತ್ತಿದ್ದೆ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ನಾ ನಿನ್ನ ಗಂಡ ಅಂತ ಖರೇ ಹೇಳಬಾರದೇನ್ರಿ?"

"ಹೇಳಿ ನೋಡೀನ್ರಿ. ಯಾರೋ ಗಂಡಸು ಮೈ ಮುಟ್ಟಾಕ ಬಂದಾನ ಅಂತ ಮೂಲ್ಯಾಗ ಕುಂತು ಅತ್ತಳು. ಅಂಬಿಗ ಆದ್ರ ಕೈ ಹಿಡೀಲಿಕ್ಕರೆ ಬಿಡ್ತಾಳ." ಕಾಕಾ ಕೀಲಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದ. "ಮೊದಲ ‘ಏನ್ರೀ’ ಅಂತ ಕರೀತಿದ್ದಳ್ರಿ. ಇಡೀ ಓಣಿಗಿ ಕೇಳ್ಸೋಹಂಗ. ಇನ್ನ ಒಂದೇ ಒಂದ ಸಲ ‘ಏನ್ರೀ’ ಅಂದ್ರ ಸಾಕು ನನಗ."

ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಆ ಗಿಡಗಳ ಕಥೆಯನ್ನು ಕಾಕಾ ತುಣುಕು ತುಣುಕಾಗಿ ಹೇಳಿದ. ಕಾಕು ಹೊಳೆ ಹೊಳೆ ಎಂದು ಹಲುಬುವುದನ್ನು ನೋಡಲಾರದೆ ಅಫಜಲಪುರದಲ್ಲಿ ಬಸ್ಸು ಬದಲಿಸಿ ಮಣ್ಣೂರಿಗೆ ಹೋಗಿ, ನೀರಂಚಿನಲ್ಲಿ ತಾವಾಗಿಯೇ ಬೆಳೆಯುವ ಗಡ್ಡೆಗಳನ್ನು ಅಗೆದು, ಹಸಿ ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ಉಳ್ಳಾಗಡ್ಡಿಯಂಥ ಗಡ್ಡೆ, ಆದರೆ ತಿನ್ನುವಂಥದ್ದಲ್ಲ. ಮೇಕೆಯೂ ಮೂಸಿ ನೋಡಿ ಹೋಗುತ್ತದೆ. ಕಾಕು ಅದಕ್ಕೆ ಹೊಳಿಗಡ್ಡಿ ಅನ್ನುತ್ತಿದ್ದಳು. ಪುಸ್ತಕದ ಹೆಸರು ನನಗೆ ಗೊತ್ತಿಲ್ಲ.

ಮೊದಲ ಸಲ ತಂದವು ಕೊಳೆತವು. ಕಾಕಾನಿಗೆ ನೀರು ಗೊತ್ತೇ ಹೊರತು ಗಿಡ ಗೊತ್ತಿರಲಿಲ್ಲ. ನಮ್ಮ ಅಂಟು ಎರೆಮಣ್ಣಿನಲ್ಲಿ ಮೊಳಕೈ ಆಳಕ್ಕೆ ಹುಗಿದುಬಿಟ್ಟಿದ್ದ. ಎರಡನೆಯ ಸಲ ದಂಡೆಯ ಉಸುಕು ಮಣ್ಣನ್ನೂ ಹೊತ್ತು ತಂದು ಬೆರೆಸಿ ಮತ್ತೆ ಹಾಗೇ ಹುಗಿಯುತ್ತಿದ್ದಾಗ, ಕಲ್ಲಿನ ಮೇಲೆ ಕೂತಿದ್ದ ಕಾಕು ಎದ್ದು ಬಂದಳಂತೆ. ಗಡ್ಡೆಯನ್ನು ಕಿತ್ತು, ಬೇರು ಬಿಡಿಸಿ, ಮೇಲುಮೇಲಕ್ಕೆ ನೆಟ್ಟಳಂತೆ. "ಮೂಗು ಮುಚ್ಚಿ ಹುಗಿತಾರೇನೋ ಅಂಬಿಗಣ್ಣಾ? ಬೇರು ಕೆಸರಾಗ ಇರಲಿ, ಕುತ್ತಿಗಿ ಗಾಳ್ಯಾಗ ಇರಲಿ."

ಇದನ್ನು ಹೇಳುವಾಗ ಕಾಕಾ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಗಡ್ಡೆ ನೆಡುವುದು ಆಕೆಗೆ ನೆನಪಿತ್ತು, ಮಣ್ಣಿನ ಹದ ನೆನಪಿತ್ತು. ಈತನೊಬ್ಬ ಮರೆತುಹೋಗಿದ್ದ.

ಮಳೆಗಾಲದ ಒಂದು ಸಂಜೆ ಮೊದಲ ಹೂ ಬಿಟ್ಟಿತು. ದಪ್ಪ ದಂಟಿನ ತುದಿಯಲ್ಲಿ ತೆಳ್ಳನೆಯ ಉದ್ದ ಎಸಳಿನ ಬಿಳಿ ಹೂಗಳ ಗೊಂಚಲು, ನಡುವೆ ಕೆಂಪು ಕೇಸರ. ಕತ್ತಲಾಗುತ್ತ ಘಮ ನನ್ನ ಖೋಲಿಯ ಕಿಟಕಿಯ ತನಕ ಬಂತು. ಕಾಕು ಗಂಟು ಹಿಡಿದು ಬಂದವಳು ಅಲ್ಲೇ ನಿಂತಳು. "ಹೊಳಿ ಬಂತು" ಅಂದಳು. ಗಂಟನ್ನು ನೆಲಕ್ಕೆ ಇಟ್ಟಳು. ಆ ಸಂಜೆ ದಾಟಿಸೆಂದು ಕೇಳಲಿಲ್ಲ, ಅಳಲಿಲ್ಲ. ಕಾಕಾ ಪಕ್ಕದಲ್ಲಿ ಮೆತ್ತಗೆ ಕೂತು ಅವಳ ಮುಖವನ್ನೇ ನೋಡುತ್ತಿದ್ದ. ‘ಏನ್ರೀ’ ಮಾತ್ರ ಬರಲಿಲ್ಲ.

ಹೂ ಬಾಡಿದ ಮೇಲೆ ಹಸಿರು ಗೋಲಿಯಂಥ ಬೀಜ ಕೆಸರಿನ ಮೇಲೆ ಬಿದ್ದು, ಹುಗಿಯದೆಯೇ ಮೊಳೆತವು. ಚಾಪೆಯಷ್ಟಿದ್ದ ಹೊಳೆ ಜಮಖಾನೆಯಷ್ಟಾಯಿತು.

ಮುಂದಿನ ಬೇಸಿಗೆ ಕೆಟ್ಟದ್ದು. ಬೋರ್ ಇಳಿಯಿತು, ಮೇಲಿನ ಓಣಿಗೆ ನೀರು ಏರಲಿಲ್ಲ. ಅಲ್ಲಿಯ ಹೆಂಗಸರು ಖಾಲಿ ಕೊಡ ತಂದು ಟಾಕಿಯ ಮುಂದೆ ನಿಂತರು. ಆ ಹಸಿರು ಎಲೆಗಳನ್ನು ನೋಡಿದರು ಅಷ್ಟೇ. ಕಾಕಾ ತಲೆ ತಗ್ಗಿಸಿದ. ಮರುದಿನ ಆಳಂದದಿಂದ ಹೊಸ ವಾಷರ್ ತಂದು, ಗುಂಡಿಯಲ್ಲಿ ಕೂತು, ತನ್ನ ಕೈಯಾರೆ ಆ ಸೋರುವಿಕೆ ನಿಲ್ಲಿಸಿದ. ಅಷ್ಟು ದಿನ ಅದನ್ನು ಯಾಕೆ ಬಿಟ್ಟಿದ್ದ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಕೆಸರು ಒಣಗಿ ಬಿರುಕು ಬಿಟ್ಟಿತು. ಎಲೆ ಹಳದಿಯಾಗಿ ಮಲಗಿದವು. ಸತ್ತವಲ್ರಿ ಕಾಕಾ, ಎಂದೆ. ಕಾಕಾ ಕುಕ್ಕರಗಾಲಲ್ಲಿ ಕೂತು ಒಂದು ಗಡ್ಡೆಯ ಕುತ್ತಿಗೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದ. "ಗಟ್ಟಿ ಅದರಿ ಇನ್ನಾ. ಎಲಿ ಕೀಳಬ್ಯಾಡ್ರಿ, ತಾನ ಉದುರ್ತದ." ಅಂದಿನಿಂದ ಆತ ಕಾಕು ಮಿಂದ ಬಚ್ಚಲ ನೀರನ್ನು ಬಕೆಟ್ಟಿನಲ್ಲಿ ಹಿಡಿದು ತಂದು ಹಾಕತೊಡಗಿದ. ಒಂದು ಮುಂಜಾನೆ ಮೇಲಿನ ಓಣಿಯವಳೊಬ್ಬಳು ಕೊಡ ಕುಲುಕಿ ತೊಳೆದು ಗಲಬರಿಸಿದ ನೀರನ್ನು ಚರಂಡಿಗೆ ಚೆಲ್ಲದೆ ನಾಲ್ಕು ಹೆಜ್ಜೆ ಬಂದು ಗಡ್ಡೆಯ ಬುಡಕ್ಕೆ ಸುರಿದಳು. "ಮುದುಕಗ ಹುಚ್ಚ, ನಮಗೂ ಹುಚ್ಚ" ಎಂದು ಗೊಣಗುತ್ತಲೇ ಸುರಿದಳು. ನೋಡನೋಡುತ್ತ ಎಲ್ಲರೂ ಅಲ್ಲೇ ಕೊಡ ಗಲಬರಿಸತೊಡಗಿದರು. ನಾನು ಈಗಲೂ ಅಲ್ಲೇ ಗಲಬರಿಸುತ್ತೇನೆ.

ಮಳೆ ಬಿತ್ತು. ಗಡ್ಡೆಗಳು ಎದ್ದವು, ಮೊಗ್ಗಿನ ದಂಟೂ ಎದ್ದಿತು. ಹೂ ಬಿಡಲು ಇನ್ನೇನು ಒಂದೆರಡು ದಿನ ಅನ್ನುವಾಗ ಕಾಕಾ ವಾಲ್ ಗುಂಡಿಯ ಪಕ್ಕ ಎದೆ ಹಿಡಿದು ಕೂತವನು ಏಳಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ಹೊರಟರೂ ದಾರಿಯಲ್ಲೇ ಹೋಗಿಬಿಟ್ಟ. ಹೆಣವನ್ನು ವಾಪಸು ತಂದು ಮನೆ ಮುಂದಿನ ಕಟ್ಟೆಗೆ ಒರಗಿಸಿ ಕೂರಿಸಿದಾಗಲೂ ಆ ಕಾಲು ಹಸಿಯಾಗಿಯೇ ಇದ್ದವು.

ಹೆಂಗಸರೆಲ್ಲ ಅಳುತ್ತಿದ್ದರೆ ಕಾಕು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. "ಯಾರು ತೀರಿಕೊಂಡ್ರವ್ವಾ?" ಎಂದು ಕೇಳಿದಳು. ಕೊನೆಗೆ ಪಕ್ಕದ ಮನೆಯ ಮುದುಕಿ ಅಂದಳು, "ಅಂಬಿಗ, ಯವ್ವಾ."

"ಅಯ್ಯ ಪಾಪ. ಭಾಳ ಛಲೋ ಮನಷ್ಯಾ ಇದ್ದ. ದಿನಾ ಕೈ ಹಿಡಿದು ಕರಕೊಂಡ ಹೋಗ್ತಿದ್ದ" ಎಂದಳು ಕಾಕು. ಎಲ್ಲರೊಂದಿಗೆ ಕೂತು ತಾನೂ ಎರಡು ಹನಿ ಅತ್ತಳು, ಊರಿನ ಯಾರೋ ಒಬ್ಬರಿಗೆ ಅಳುವ ಹಾಗೆ. ನಾನು ಎದ್ದು ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಕಾಕಾನನ್ನು ಮಣ್ಣು ಮಾಡಿ ಬಂದ ಮೇಲೆ ಕಾಕುವಿನ ಅಣ್ಣನ ಮಗ ಮಣ್ಣೂರಿನಿಂದ ಬಂದ. ಮರುದಿನ ಮುಂಜಾನೆ ಆಕೆಯನ್ನು ಕರೆದುಕೊಂಡು ಹೋಗುವವನಿದ್ದ. ಆ ಸಂಜೆ ಮಾಮೂಲಿನಂತೆ ಕಾಕು ಗಂಟು ಹಿಡಿದು ಹೊಸ್ತಿಲಿಗೆ ಬಂದಳು. ಟಾಕಿಯ ಕೆಳಗೆ ಹೂ ಬಿಟ್ಟಿದ್ದವು, ಘಮ ಓಣಿ ತುಂಬ. ಕೈ ಹಿಡಿಯುವವರಿಲ್ಲದ್ದನ್ನು ನೋಡಲಾರದೆ ನಾನೇ ಹೋಗಿ ಕೈ ಹಿಡಿದೆ. "ಬರ್ರಿ ಕಾಕು. ನಾಳಿ ನೀವು ಮಣ್ಣೂರಿಗಿ ಹೊಂಟೀರಿ. ಹೊಳಿ ದಾಟೋದೇ ಈಗ."

ಕಾಕು ಕಲ್ಲಿನ ಮೇಲೆ ಕೂತಳು. ಹೂವನ್ನು ನೋಡಿದಳು. ತಲೆ ಅಲ್ಲಾಡಿಸಿದಳು.

"ಇಲ್ಲವ್ವ. ನಾ ಒಬ್ಬಾಕಿನ ಹೆಂಗ ದಾಟ್ಲಿ? ನಮ್ಮ ಮನ್ಯಾವರು ನೀರ ಬಿಡಾಕ ಹೋಗ್ಯಾರ."

ಆಮೇಲೆ ಸೆರಗು ಸರಿ ಮಾಡಿಕೊಂಡು ಟಾಕಿಯ ಕಡೆ ತಿರುಗಿ, ಇಡೀ ಓಣಿಗೆ ಕೇಳಿಸುವ ಹಾಗೆ ಕೂಗಿದಳು: "ಏನ್ರೀ... ಲಗೂ ಬರ್ರಿ. ಕತ್ತಲಾಗಾಕತ್ತಾದ."

ಓಣಿಯಲ್ಲಿ ಎಲ್ಲರೂ ಹೊಸ್ತಿಲಲ್ಲಿ ನಿಂತುಬಿಟ್ಟರು. ಕಾಕು ಕಾಯುತ್ತಿದ್ದಳು. ಚಪ್ಪಲಿಯ ಸಪ್ಪಳಕ್ಕೆಂದು ನಾನೂ ಕಿವಿಗೊಟ್ಟೆ.

"ಇವತ್ತ ಹೊಳಿ ತುಂಬ್ಯಾದ ಕಾಕು" ಅಂದೆ ನಾನು. "ನಾಳಿ ಬರ್ತಾರ."