ನಾನು ಮುಚ್ಚಿಟ್ಟ ಪುಡಿ

ಇಂದಿರಾ, ವ್ಯಾಯಾಮದಿಂದಲೇ ನನ್ನ ಕೈನಡುಕ ನಿಂತಿತು ಅಂತ ಹೇಳಿದ್ದು ಸುಳ್ಳು. ಹಸಿ ಸುಳ್ಳು! ಅದನ್ನು ನಂಬಿ ನೀನು ಬಿದ್ದೆ, ಸೊಂಟ ಮುರಿದುಕೊಂಡೆ — ನಾನು ಮೂರು ವರ್ಷ ಬಾಯಿ ಬಿಡಲಿಲ್ಲ. ಇವತ್ತು ಬರೆಯುತ್ತಿದ್ದೇನೆ. ಅಕ್ಷರಗಳು ಸಾಲಿನ ಕೊನೆಗೆ ಬರುವಷ್ಟರಲ್ಲಿ ಇರುವೆಯಷ್ಟಾಗುತ್ತಿವೆ, ಆದರೂ ಬರೆಯುತ್ತೇನೆ.

ನಿನಗೆ ಗೊತ್ತು, ಈ ಮರಾಠಿ ಊರಿನ ಬಿಬವೇವಾಡಿಯಲ್ಲಿ ಮೂವತ್ತು ವರ್ಷ ಬ್ಲೌಸ್ ಹೊಲಿದವಳು ನಾನು. ಪಾರ್ಕಿನ್ಸನ್ ಬಂದು ಸೂಜಿಗೆ ದಾರ ಪೋಣಿಸಲಾಗದೆ ಹೋದಾಗ ಎಷ್ಟು ಸಿಟ್ಟು! ಮಿಷನ್ ಮೇಲೆ ಹಳೇ ಸೀರೆ ಹೊದಿಸಿಬಿಟ್ಟೆ. ಆಗಲೇ ಧಾರವಾಡದ ಕಡೆಯ ನಾಟಿ ವೈದ್ಯರೊಬ್ಬರು ನಸುಗುನ್ನಿ ಬೀಜದ ಪುಡಿ ಕೊಟ್ಟರು. "ಯಾರ ಮುಂದೂ ಹೆಸರು ಹೇಳಬ್ಯಾಡ್ರಿ, ಹೇಳಿದ್ರ ಔಷಧದ ಗುಣ ಹೋಗ್ತದ" ಅಂದರು. ನಮ್ಮ ಕಡೆ ಇದೇನು ಹೊಸದಲ್ಲ — ನಮ್ಮಜ್ಜಿ ಕಾಮಾಲೆಯ ಔಷಧವನ್ನೂ ಹೀಗೇ ಸೆರಗಿನಡಿ ಮುಚ್ಚಿ ಕೊಡುತ್ತಿದ್ದಳು. ಡಾಕ್ಟರ ಗುಳಿಗೆಯ ಜೊತೆಗೆ ದಿನಾ ಮುಂಜಾನೆ ಒಂದು ಚಮಚ ಶುರುಮಾಡಿದೆ.

ಹದಿನೈದು ದಿನಕ್ಕೆ — ಅವ್ವಾ! ದಾರ ಒಂದೇ ಸಲಕ್ಕೆ ಒಳಗೆ ಹೋಯಿತು! ತೆಗೆದು ಮತ್ತೆ ಪೋಣಿಸಿದೆ, ಮತ್ತೆ ತೆಗೆದೆ, ಮತ್ತೆ! ಮಿಷನ್ ಮೇಲಿನ ಸೀರೆ ಕಿತ್ತೊಗೆದು ಅವತ್ತೇ ಕ್ಯಾಂಪಿನ ಪೇಟೆಗೆ ಹೋಗಿ ಲೇಸು, ಹುಕ್ಕು, ಏಳು ಬಣ್ಣದ ದಾರ ತಂದೆ. ಬಸ್ಸಿನಲ್ಲಿ ಪಕ್ಕದವಳಿಗೆ "ಹಾತ್ ಬಘಾ, ಹಾತ್!" ಅಂತ ಕೈ ಚಾಚಿ ತೋರಿಸಿದೆ, ಪಾಪ, ಹುಚ್ಚಿ ಅಂದುಕೊಂಡಿರಬೇಕು. ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ — ಆ ಖುಷಿಯೊಂದನ್ನು ಸುಳ್ಳು ಅನ್ನಲಾರೆ.

ಆಮೇಲೆ ವಾಕರಿಕೆ ಬಂತು. ಕುತ್ತಿಗೆ, ಭುಜ ತಾವೇ ತಿರುಚಿಕೊಳ್ಳತೊಡಗಿದವು. ಡಾಕ್ಟರಿಗೆ ಹೇಳಬೇಕಿತ್ತು. ನಾನೋ ಮಹಾ ಜಾಣೆ — ಪುಡಿ ಇಟ್ಟುಕೊಂಡು ಗುಳಿಗೆಯನ್ನು ಅರ್ಧ ಮಾಡಿದೆ.

ನಮ್ಮ ಮಂಗಳವಾರದ ಗುಂಪು — ಎಲ್ಲರೂ ಇದೇ ಬೇನೆಯವರು, ಸುತ್ತಲೂ ಮರಾಠಿ, ಮೂಲೆಯಲ್ಲಿ ನೀನೂ ನಾನೂ ಕನ್ನಡ. ನನ್ನ ಕೈ ನೋಡಿ ಎಲ್ಲರೂ ಬೆರಗಾದರು. ಏನು ಮಾಡಿದಿರಿ, ಏನು ಮಾಡಿದಿರಿ? ಪುಡಿಯ ಹೆಸರು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ದಿನಾ ವ್ಯಾಯಾಮ, ಗಟ್ಟಿ ಮನಸ್ಸು, ಅಷ್ಟೇ, ಗುಳಿಗೆ ಕೂಡ ಅರ್ಧ ಮಾಡಿದ್ದೇನೆ ಅಂದೆ. ಚಪ್ಪಾಳೆ! ನಾಟಿ ವೈದ್ಯರ ಮಾತಿಗೆ ಹೆದರಿ ಮುಚ್ಚಿಟ್ಟೆ ಅಂದರೆ ಅದು ಇನ್ನೊಂದು ಸುಳ್ಳಾದೀತು. ಆ ಚಪ್ಪಾಳೆ ನನಗೆ ಭಾಳ ಸೇರಿತು, ಇಂದಿರಾ.

ನೀನು ನನ್ನ ಕೈ ಹಿಡಿದು, "ಹಂಗಾರ ನಾನೂ ಅರ್ಧಾ ಮಾಡ್ಲೇನ?" ಅಂದೆ.

"ಮಾಡು. ಏನಾಗ್ತದ?" ಅಂದೆ ನಾನು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹತ್ತು ದಿನದಲ್ಲಿ ನಿನ್ನ ಮೈ ಬಿಗಿಯಿತು. ಅಡುಗೆಮನೆಯ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿದಂತಾಗಿ ಬಿದ್ದೆ. ಆಸ್ಪತ್ರೆಗೆ ಬಂದ ನನ್ನನ್ನು ನೋಡಿ ನಕ್ಕು, "ನಿನ್ನಂಥಾ ಗಟ್ಟಿ ಮನಸ್ಸು ನನಗಿಲ್ಲ ನೋಡ, ಶಕು" ಅಂದೆ. ಆಗಲೇ — ಅಲ್ಲೇ — ಆದರೆ ನಾನು ತಲೆ ತಗ್ಗಿಸಿ ಮೋಸಂಬಿ ಸುಲಿಯುತ್ತ ಕೂತೆ.

ಮರುದಿನ ಹೆದರಿಕೊಂಡು ನನ್ನ ಡಾಕ್ಟರ ಮುಂದೆ ಪುಡಿಯ ಡಬ್ಬಿ ಇಟ್ಟೆ. ಗುಳಿಗೆಯಲ್ಲಿರುವ ಮದ್ದೇ ಆ ಬೀಜದಲ್ಲೂ ಇದೆಯಂತೆ! ಒಂದು ಚಮಚದಲ್ಲಿ ಎಷ್ಟು ಅಂತ ಮಾತ್ರ ಯಾರಿಗೂ ತಿಳಿಯುವುದಿಲ್ಲವಂತೆ. "ನೀವು ಔಷಧ ಕಡಿಮೆ ಮಾಡಿರಲಿಲ್ಲ ಶಕುತಾಯಿ, ಹೆಚ್ಚು ಮಾಡಿದ್ದಿರಿ" ಅಂದರು. ಪುಡಿ ಬಿಡಿಸಿ, ಗುಳಿಗೆಯ ಹೊತ್ತು, ಪ್ರಮಾಣ ಎಲ್ಲ ಸರಿಮಾಡಿದರು. ಅಂದರೆ ನಿಜವಾಗಿ ಔಷಧ ಕಡಿಮೆ ಮಾಡಿದವಳು ನೀನೊಬ್ಬಳೇ. ಇದು ತಿಳಿದ ಮೇಲೂ ನಿನಗೆ ಹೇಳಲಿಲ್ಲ.

ನಿನ್ನೆ ಫೋನಿನಲ್ಲಿ ನಿನಗೆಷ್ಟು ಉತ್ಸಾಹ! ಡಾಕ್ಟರು ಗುಳಿಗೆ ಹೆಚ್ಚಿಸೋಣ ಅಂದರಂತೆ, ನೀನು ಒಲ್ಲೆ ಅಂದೆಯಂತೆ. "ಈ ಸಲ ನಿನ್ನಂಗ ಮನಸ್ಸು ಗಟ್ಟಿ ಮಾಡ್ತೀನಿ, ತಡಿ!" ಬ್ಯಾಡ! ಬ್ಯಾಡ ಇಂದಿರಾ! ನಿನ್ನ ಮನಸ್ಸಿಗೆ ಏನೂ ಆಗಿರಲಿಲ್ಲ. ಗುಳಿಗೆ ಕಡಿಮೆ ಬಿದ್ದಿತ್ತು, ಅಷ್ಟೇ. ಏನೇ ಅನುಮಾನವಿದ್ದರೂ ಡಾಕ್ಟರನ್ನು ಕೇಳು — ನನ್ನನ್ನಲ್ಲ.

ಮಂಗಳವಾರ ಗುಂಪಿನಲ್ಲೂ ಎದ್ದು ನಿಂತು ಹೇಳುತ್ತೇನೆ, ಮರಾಠಿಯಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ. ಅದಕ್ಕೂ ಮೊದಲು, ಇವತ್ತೇ, ಈ ಕಾಗದ ಹಿಡಿದು ನಿನ್ನ ಮನೆಗೆ ಹೊರಟಿದ್ದೇನೆ. ಬೆಲ್ ಒತ್ತಿದ ಮೇಲೆ ವಾಕರ್ ತಳ್ಳಿಕೊಂಡು ಬಾಗಿಲವರೆಗೆ ಬರಲು ನಿನಗೆ ಭಾಳ ಹೊತ್ತು ಹಿಡಿಯುತ್ತದೆ. ಅಷ್ಟೂ ಹೊತ್ತು ಹೊರಗೆ ನಿಂತು ಆ ಸದ್ದು ಕೇಳುತ್ತೇನೆ.